ಐ-ರೊಟ್ಟಿ ಡಬ್ಬಿ ಮತ್ತು ಮುನೀಮರ ಹಲ್ಲು

ಕರೆಂಟ್ ಹೋಗಿದೆ ಅನ್ನುವ ಮೆಸೇಜು ಕರೆಂಟ್ ಬಂದ ಮೇಲೆ ಬಂತು.

"ನೋಡು, ಹ್ಯಾಂಗ ಟಕ್ ಅಂತ ತಿಳಸ್ತದ!" ಅಂತ ಕಾಕಾ ಫೋನನ್ನು ನನ್ನ ಮೂಗಿನ ತನಕ ತಂದರು. ತಲೆ ಮೇಲೆ ಫ್ಯಾನ್ ತಿರುಗುತ್ತಿತ್ತು, ಟ್ಯೂಬ್‌ಲೈಟ್ ಉರಿಯುತ್ತಿತ್ತು, ಫೋನಿನಲ್ಲಿ ಮಾತ್ರ ಕೆಂಪು ಅಕ್ಷರದಲ್ಲಿ 'ನಿಮ್ಮ ಘಟಕದಲ್ಲಿ ವಿದ್ಯುತ್ ಇಲ್ಲ' ಅಂತ ಇತ್ತು. ಅದಕ್ಕೂ ಮೊದಲು ಎರಡು ತಾಸು ಅದೇ ಗಾದಿ ಮೇಲೆ ಕೂತು, ರಟ್ಟಿನ ತುಂಡು ಬೀಸಿಕೊಂಡು ಬೆವರು ಒರೆಸಿಕೊಂಡವರು ನಾವೇ. ಆದರೆ ಅದು ಲೆಕ್ಕಕ್ಕಿಲ್ಲ. ಬೆವರು ಬೇರೆ, ಡೇಟಾ ಬೇರೆ.

ಕಾಕಾರದು ಕಲಬುರಗಿ ಗಂಜ್, ಅಂದರೆ ಕಾಳಿನ ಪೇಟೆ, ಅದರ ಆಚೆಗೆ ಒಂದು ಸಣ್ಣ ಬೇಳೆ ಮಿಲ್ಲು. ನಾನು ಅಲ್ಲಿ ಜಿಎಸ್‌ಟಿ ಫೈಲ್ ಮಾಡಿಕೊಡಲು ಹೋಗುವ ಅಣ್ಣನ ಮಗ, ಹಾಗಾಗಿ ಕಂಪ್ಯೂಟರಿಗೆ ಸಂಬಂಧಪಟ್ಟ ಎಲ್ಲ ಪಾಪಗಳಿಗೂ ನಾನೇ ಹೊಣೆ. ಮೆಸೇಜ್ ಯಾಕೆ ತಡವಾಯ್ತು ಅಂತ ನೋಡಿದೆ. ಕಾರಣ ಬಹಳ ಸುಲಭ. ಮೆಸೇಜ್ ಕಳಿಸುವ ಡಬ್ಬಿಯೂ ಅದೇ ಕರೆಂಟಿನಲ್ಲಿ ನಡೆಯುತ್ತೆ. ಕರೆಂಟ್ ಹೋದರೆ ಇಡೀ ಮಿಲ್ಲಿನಲ್ಲಿ ಮೊದಲು ಕಣ್ಣು ಮುಚ್ಚುವುದೇ ಅದು. ಒಳಗೆ ಬ್ಯಾಟರಿ ಬೇಕಿದ್ದರೆ ಬೇರೆ ರೇಟು ಅಂತ ಕಂಪನಿಯವರು ಮೊದಲೇ ಹೇಳಿದ್ದರಂತೆ, ಇಂಗ್ಲಿಷಿನಲ್ಲಿ.

ಈ ಡಬ್ಬಿ ನಮ್ಮ ಮನೆತನಕ್ಕೆ ಬಂದದ್ದು ಒಂದು ಎಸಿ ಹಾಲಿನ ಮೂಲಕ. ವ್ಯಾಪಾರಸ್ಥರಿಗೆ ಕಾರ್ಯಾಗಾರ, ಮಧ್ಯಾಹ್ನ ಊಟ ಫ್ರೀ. ಸೂಟು ಹಾಕಿಕೊಂಡ ಒಬ್ಬರು ಇನ್ನು ಮುಂದೆ ಮಷಿನ್ನು ಮಷಿನ್ನಿನ ಜೊತೆ ಮಾತಾಡುತ್ತೆ, ಗೋಡೌನ್ ನಿಮ್ಮ ಜೊತೆ ಮಾತಾಡುತ್ತೆ, ಮಾತಾಡದ ಉದ್ಯಮ ಉಳಿಯಲ್ಲ ಅಂದರು. ಕೆಳಗೆ ಕೂತಿದ್ದ ನಮ್ಮ ಗಂಜ್ ಮಂದಿಗೆ ಗಾಬರಿ ಆಯ್ತು. ಇಂದೋರ್, ಅಕೋಲಾ, ಲಾತೂರಿನ ಬೇಳೆ ಮಿಲ್ಲುಗಳು ಮುಂದೆ ಹೋದವು ಅನ್ನುವ ಭಯ ಇಲ್ಲಿ ಮೊದಲೇ ಇದೆ, ಬಾಗಿಲು ಹಾಕಿದ ಮಿಲ್ಲುಗಳನ್ನು ದಿನಾ ನೋಡುತ್ತಲೇ ಓಡಾಡುತ್ತೇವೆ. ಆ ಭಯದ ಮೇಲೆ ಒಂದು ಗುಲಾಬ್ ಜಾಮೂನು ಬಿತ್ತು. ಸಹಿ ಆಯ್ತು.

ಸೂಟಿನವರು ಇತಿಹಾಸವನ್ನೂ ಹೇಳಿದರು. 1982ರ ಸುಮಾರಿಗೆ ಅಮೆರಿಕದ ಕಾರ್ನೆಗಿ ಮೆಲನ್ ಯೂನಿವರ್ಸಿಟಿ ಹುಡುಗರು ಕೋಕ್ ಮಷಿನ್ನಿಗೆ ವೈರು ಜೋಡಿಸಿ, ಬಾಟಲಿ ಇದೆಯೋ ಇಲ್ಲವೋ, ತಣ್ಣಗಾಗಿದೆಯೋ ಇಲ್ಲವೋ ಅಂತ ಕೂತಲ್ಲೇ ಕಂಪ್ಯೂಟರಿನಲ್ಲಿ ನೋಡುತ್ತಿದ್ದರು. 1999ರಲ್ಲಿ ಕೆವಿನ್ ಆಷ್ಟನ್ ಅನ್ನುವವರು ಒಂದು ದೊಡ್ಡ ಸೋಪು-ಸೌಂದರ್ಯ ಸಾಮಾನಿನ ಕಂಪನಿಯಲ್ಲಿ ಕೆಲಸ ಮಾಡುವಾಗ ಹೀಗೆ ಸಾಮಾನುಗಳನ್ನು ನೆಟ್ಟಿಗೆ ಜೋಡಿಸುವುದಕ್ಕೆ 'ಇಂಟರ್ನೆಟ್ ಆಫ್ ಥಿಂಗ್ಸ್', ಚಿಕ್ಕದಾಗಿ ಐಒಟಿ, ಅಂತ ಹೆಸರಿಟ್ಟರು. ಅವರ ತಲೆನೋವು ಏನಪ್ಪಾ ಅಂದರೆ, ಒಂದು ಬಣ್ಣದ ಲಿಪ್‌ಸ್ಟಿಕ್ ಅಂಗಡಿಯಲ್ಲಿ ಯಾವಾಗ ನೋಡಿದರೂ ಖಾಲಿ. ಎಲ್ಲಿ ಖಾಲಿಯಾಗಿದೆ ಅಂತ ಕಂಪನಿಗೆ ಕೂತಲ್ಲಿಂದ ಗೊತ್ತಾಗುತ್ತಿರಲಿಲ್ಲ.

ನನಗೆ ಈ ಎರಡೂ ಕಥೆಗಳ ಮೇಲೆ ಗೌರವ ಇದೆ. ಆ ಹುಡುಗರ ಹತ್ತಿರ ಒಂದು ಪ್ರಶ್ನೆ ಇತ್ತು: ಬಾಟಲಿ ತಣ್ಣಗಿದೆಯಾ? ಆಷ್ಟನ್ ಹತ್ತಿರ ಒಂದು ಪ್ರಶ್ನೆ ಇತ್ತು: ಲಿಪ್‌ಸ್ಟಿಕ್ ಎಲ್ಲಿ? ನಮಗೆ ಡಬ್ಬಿ ಮೊದಲು ಬಂತು, ಪ್ರಶ್ನೆ ಇನ್ನೂ ಹುಡುಕುತ್ತಿದ್ದೇವೆ.

ಮಿಲ್ಲಿಗೆ ಡಬ್ಬಿ ಬಂದ ದಿನ ಬೆಂಗಳೂರಿನಿಂದ ಬಂದ ಹುಡುಗ ಎಲ್ಲರನ್ನೂ ನಿಲ್ಲಿಸಿ, "ಸರ್, ಇದು ಐಒಟಿ" ಅಂದ. ಮಿಲ್ಲಿನ ಲೆಕ್ಕ ಬರೆಯುವ ನಮ್ಮ ಮುನೀಮರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಒಂದು ಕಿವಿ ಸ್ವಲ್ಪ ಮಂದ. "ಏನ್ರೀ ತಮ್ಮಾ? ಐ ರೊಟ್ಟಿ?" ಅಂದರು. ಅವತ್ತಿನಿಂದ ಅದರ ಹೆಸರು ಐ-ರೊಟ್ಟಿ ಡಬ್ಬಿ. ಹಮಾಲರೂ ಹಾಗೇ ಕರೆಯುತ್ತಾರೆ. ಈಗ ಕಾಕಾ ಬಾಯಲ್ಲೂ ಒಮ್ಮೊಮ್ಮೆ ಅದೇ ಬಂದುಬಿಡುತ್ತೆ.

ತಗಡಿನ ಶೆಡ್ಡು, ದಪ್ಪ ಕಲ್ಲಿನ ಗೋಡೆ, ಒಳಗೆ ಸಿಗ್ನಲ್ ಬರಲ್ಲ. ಹುಡುಗ ಡಬ್ಬಿಯನ್ನು ಎದೆಗೆ ಅವಚಿಕೊಂಡು ಇಡೀ ಅಂಗಳ ಸುತ್ತಿದ. ಬೇವಿನ ಮರದ ಕೆಳಗೆ ಒಂದು ಕಡ್ಡಿ ಬಂತು. ಗೇಟಿನ ಹತ್ತಿರ ಎರಡು ಬಂತು. ನಾಲ್ಕೂ ಕಡ್ಡಿ ಬಂದದ್ದು ಹಮಾಲರ ಪಾಯಿಖಾನೆ ಮೇಲೆ. ಅಲ್ಲೇ ಕೂರಿಸಿದ್ದಾಯ್ತು, ಕುಂಕುಮ ಹಚ್ಚಿ, ಕಾಯಿ ಒಡೆದು. ಒಳಗೆ ಅದಕ್ಕೊಂದು ಸಿಮ್ ಇದೆ. ನಮ್ಮ ನಿಮ್ಮ ಮೊಬೈಲ್ ನಂಬರು 10 ಅಂಕಿ, ಇಂಥ ಡಬ್ಬಿಗಳಿಗೆ ದೂರಸಂಪರ್ಕ ಇಲಾಖೆ 13 ಅಂಕಿಯ ನಂಬರು ಗೊತ್ತುಮಾಡಿದೆ. ಅಂದರೆ ಸರ್ಕಾರದ ಲೆಕ್ಕದಲ್ಲಿ ಡಬ್ಬಿ ನಮಗಿಂತ ಮೂರು ಅಂಕಿ ಮೇಲು. ಅದು ಕೂತ ಜಾಗ ಎಲ್ಲಿ ಅನ್ನೋದು ಬೇರೆ ಮಾತು.

ಮಾರ್ಚ್ ಬಂತು. ಡಬ್ಬಿ ಕೂಗಲು ಶುರು ಮಾಡಿತು. 'ಅಪಾಯ! ಅಂಗಳದ ಉಷ್ಣಾಂಶ 40 ಡಿಗ್ರಿ ದಾಟಿದೆ.' ಹತ್ತು ನಿಮಿಷಕ್ಕೊಂದು ಸಲ. ಬೆಂಗಳೂರಿನಲ್ಲಿ ಕೂತು ಯಾರೋ 40ಕ್ಕೆ ಕೆಂಪು ಗೆರೆ ಎಳೆದಿದ್ದಾರೆ, ಪಾಪ. ಏಪ್ರಿಲ್-ಮೇನಲ್ಲಿ ಕಲಬುರಗಿಯಲ್ಲಿ 40 ಇದ್ದರೆ ಮಂದಿ "ಇವತ್ತ ಜರಾ ತಂಪದಾ" ಅಂತ ಸಂಜೆ ಕೆರೆ ಕಡೆ ತಿರುಗಾಡಲು ಹೋಗುತ್ತಾರೆ. ಅದಕ್ಕಿಂತ ಮುಖ್ಯ ಅಂದರೆ, ತೊಗರಿಗೆ ಎಣ್ಣೆ ಸವರಿ ಅಂಗಳದಲ್ಲಿ ಹರವುವುದೇ ಆ ಬಿಸಿಲು ಬೇಕು ಅಂತ. ಬಿಸಿಲು ತಿಂದಷ್ಟು ಸಿಪ್ಪೆ ಸುಲಭವಾಗಿ ಬಿಡುತ್ತೆ, ಕಾಳು ನುಚ್ಚಾಗದೆ ಇಬ್ಭಾಗ ಆಗುತ್ತೆ. ನಾವು ಯಾವುದನ್ನು ದೇವರ ಪ್ರಸಾದ ಅಂತೀವೋ ಡಬ್ಬಿ ಅದನ್ನು ಅಪಾಯ ಅನ್ನುತ್ತಿತ್ತು. ಒಂದು ವಾರ ಕೇಳಿದರು. ಆಮೇಲೆ ಕಾಕಾ ಫೋನನ್ನು ಸೈಲೆಂಟ್ ಮಾಡಿದರು. ತಿಂಗಳ ಬಾಡಿಗೆ ಮಾತ್ರ ಕಟ್ಟುತ್ತಾ ಹೋದರು.

ತೇವಾಂಶದ ಕಥೆ ಇನ್ನೂ ಚೆಂದ. ತೇವಾಂಶ ಸಣ್ಣ ವಿಷಯ ಅಲ್ಲ. ಬೆಂಬಲ ಬೆಲೆಗೆ ಕೊಳ್ಳುವ ಖರೀದಿ ಕೇಂದ್ರದಲ್ಲಿ ತೊಗರಿಯ ತೇವ 12% ಮೇಲಿದ್ದರೆ ರೈತ ಚೀಲ ಹೊತ್ತು ವಾಪಸ್ ಹೋಗಬೇಕು. ಹಾಗಾಗಿ ನಾನೂ ಆಸೆಯಿಂದಲೇ ಆಪ್ ತೆಗೆದೆ. ಯಾವ ಕಾಳು ಅಂತ ಆರಿಸಬೇಕು, ಯಾಕಂದರೆ ಒಂದೊಂದು ಕಾಳಿಗೆ ಮೀಟರಿನ ಲೆಕ್ಕ ಒಂದೊಂದು ಥರ. ಪಟ್ಟಿಯಲ್ಲಿ ಗೋಧಿ ಇತ್ತು, ಮೆಕ್ಕೆಜೋಳ ಇತ್ತು, ಸೋಯಾ ಇತ್ತು, ನಾನು ಹೆಸರೂ ಕೇಳದ ಬಾರ್ಲಿಯಂಥ ಎರಡು ಮೂರು ಇದ್ದವು. ತೊಗರಿ ಇಲ್ಲ! ತೊಗರಿ ಕಣಜ ಅನ್ನಿಸಿಕೊಂಡ ಜಿಲ್ಲೆ, 2019ರಲ್ಲಿ ಊರಿನ ಹೆಸರಿಗೇ ಕೊಡುವ ಜಿಐ ಟ್ಯಾಗ್ ಸಿಕ್ಕ ಬೇಳೆ, ಅದರ ಮಿಲ್ಲಿಗೇ ಬಂದ ಡಬ್ಬಿಗೆ ತೊಗರಿ ಗೊತ್ತಿಲ್ಲ. ಫೋನ್ ಮಾಡಿದೆ. "ಸದ್ಯಕ್ಕೆ ಸೋಯಾ ಅಂತ ಸೆಲೆಕ್ಟ್ ಮಾಡ್ಕೊಳ್ಳಿ ಸರ್, ನೆಕ್ಸ್ಟ್ ಅಪ್‌ಡೇಟಲ್ಲಿ ಬರುತ್ತೆ" ಅಂದರು. ಮೂರು ತಿಂಗಳಿಂದ ನಮ್ಮ ತೊಗರಿ ಸೋಯಾ ಹೆಸರಿನಲ್ಲಿ ಬದುಕುತ್ತಿದೆ.

ಮುನೀಮರು ಏನು ಮಾಡುತ್ತಾರೆ ಗೊತ್ತಾ? ಚೀಲದೊಳಗೆ ಮೊಣಕೈ ತನಕ ಕೈ ಹಾಕುತ್ತಾರೆ. ಒಂದು ಕ್ಷಣ ಹಾಗೇ ನಿಲ್ಲುತ್ತಾರೆ, ನಾಡಿ ನೋಡುವವರ ಥರ. ಆಮೇಲೆ ತಳದಿಂದ ನಾಲ್ಕು ಕಾಳು ತಂದು ಒಂದನ್ನು ಎಡಗಡೆ ದವಡೆಯಲ್ಲಿ ಇಟ್ಟು ಕಚ್ಚುತ್ತಾರೆ. ಕಟ್ ಅಂದರೆ ಆಯ್ತು. ಕಾಳು ಸುಮ್ನೆ ಚಪ್ಪಟೆ ಆದರೆ, "ಇನ್ನೊಂದು ಬಿಸಲ ಬೇಕ್ರಿ ಸಾವ್ಕಾರ್ರೆ" ಅನ್ನುತ್ತಾರೆ. ಬಲಗಡೆ ಹಲ್ಲು ಯಾಕಿಲ್ಲ ಅಂತ ಕೇಳಬೇಡಿ, ನಲವತ್ತು ವರ್ಷದ ತೊಗರಿ ಅದು. ಬೀದರಿನಲ್ಲಿ ಬಿದ್ರಿ ಕೆಲಸದವರು ಬೆಳ್ಳಿ ಕೆತ್ತಿದ ಸಾಮಾನನ್ನು ಕಪ್ಪು ಮಾಡಲು ಕೋಟೆಯ ಹಳೇ ಮಣ್ಣು ತರುತ್ತಾರಲ್ಲ, ಆ ಮಣ್ಣು ಸರಿ ಇದೆಯೋ ಇಲ್ಲವೋ ಅಂತ ನಾಲಿಗೆಗೆ ಇಟ್ಟು ನೋಡುತ್ತಾರೆ. ಈ ಕಡೆ ಹಲ್ಲು, ಆ ಕಡೆ ನಾಲಿಗೆ. ನಮ್ಮ ಸೀಮೆಯ ಸೆನ್ಸರುಗಳಿಗೆ ಪಾಸ್‌ವರ್ಡ್ ಇಲ್ಲ, ತಿಂಗಳ ಬಾಡಿಗೆ ಇದೆ, ಅದು ಮಾತ್ರ ಡಬ್ಬಿಯದಕ್ಕಿಂತ ಅಷ್ಟೇನೂ ಜಾಸ್ತಿ ಅಲ್ಲ.

ಹಳೇದೆಲ್ಲಾ ಚಿನ್ನ ಅಂತ ಹಾಡೋಕೆ ನಾನು ಕೂತಿಲ್ಲ. ಕಾಕಾರ ಮಿಲ್ಲಿನಲ್ಲೇ ಸಾರ್ಟೆಕ್ಸ್ ಮಷಿನ್ ಇದೆ. ಬೇಳೆ ಜಲಪಾತದ ಥರ ಬೀಳುತ್ತಿರುವಾಗ ಕ್ಯಾಮೆರಾ ಒಂದೊಂದು ಕಾಳನ್ನೂ ನೋಡಿ, ಕಪ್ಪಾಗಿದ್ದನ್ನು ಪುಸ್ ಅಂತ ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತೆ. ಹತ್ತು ಜನ ಕೂತು ಆರಿಸಿದರೂ ಆಗದ ಕೆಲಸ. ಅದು ಯಾರಿಗೂ ಮೆಸೇಜ್ ಕಳಿಸಲ್ಲ, ಕೆಟ್ಟ ಕಾಳು ಕಂಡರೆ ತಾನೇ ತೆಗೆಯುತ್ತೆ. ಲಸಿಕೆ ಇಡುವ ಫ್ರಿಜ್ಜು, ಹಾಲು ತಣ್ಣಗಿಡುವ ಟ್ಯಾಂಕು, ಇಂಥಲ್ಲೂ ಡಬ್ಬಿ ಬೇಕೇ ಬೇಕು. ಅಲ್ಲಿ ಉಷ್ಣಾಂಶ ಏರಿದರೆ ನೋಡಿದವರು ಓಡಿ ಹೋಗಿ ಏನೋ ಒಂದು ಮಾಡುತ್ತಾರೆ. ನಮ್ಮಲ್ಲಿ ನೋಡಿದವರು ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುತ್ತಾರೆ.

ಯಾದಗಿರಿಯಲ್ಲಿ ನನ್ನ ಗೆಳೆಯನೊಬ್ಬ ರಾತ್ರಿ ರೈಲಿಳಿದು ಲಾಡ್ಜಿಗೆ ಹೋದ. ಲಾಡ್ಜಿನವರು ಹೊಸದಾಗಿ ಸ್ಮಾರ್ಟ್ ಬೀಗ ಹಾಕಿಸಿದ್ದರು, ಕೀಲಿಕೈ ಇಲ್ಲ, ಮೊಬೈಲಿಗೆ ನಂಬರ್ ಬರುತ್ತೆ. ನೆಟ್ ಇರಲಿಲ್ಲ, ನಂಬರ್ ಬರಲಿಲ್ಲ. ಮ್ಯಾನೇಜರು ನಾಚಿಕೊಂಡು ರಿಸೆಪ್ಷನ್ನಿನ ಸೋಫಾ ತೋರಿಸಿದರು. ಮಲಗಿದ. ಬೆಳಿಗ್ಗೆ ನೆಟ್ ಬಂತು, ಬಾಗಿಲು ತಾನಾಗಿ ತೆರೆದುಕೊಂಡಿತು, ಹೇಗಿತ್ತು ನಮ್ಮ ರೂಮು, ಐದು ನಕ್ಷತ್ರ ಕೊಡಿ ಅಂತ ಮೆಸೇಜೂ ಬಂತು.

ನಮ್ಮ ಗಂಜ್‌ನ ಸಿಸಿಟಿವಿಗಳದ್ದಂತೂ ಕೇಳಲೇಬೇಡಿ. ಪಾಸ್‌ವರ್ಡ್ ಏನು ಅಂತ ಕೇಳಿದರೆ ಎಲ್ಲಾ ಅಂಗಡಿಯಲ್ಲೂ ಒಂದೇ ಉತ್ತರ: "ಹಾಕ್ಸಿದವ ಏನ್ ಇಟ್ಟಾನೋ ಅದೇ ಅದಾ." ಅವನು ಇಟ್ಟಿದ್ದು 'ಅಡ್ಮಿನ್'. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಜಗತ್ತಿನ ತುಂಬಾ ಇಂಥ ಕ್ಯಾಮೆರಾ, ಅದರ ರೆಕಾರ್ಡಿಂಗ್ ಇಡುವ ಡಿವಿಆರ್, ರೂಟರುಗಳಿಗೆ ನುಗ್ಗಿತ್ತು. ದೊಡ್ಡ ವಿದ್ಯೆ ಏನೂ ಅಲ್ಲ, ಕಂಪನಿಯವರೇ ಇಟ್ಟ ಮಾಮೂಲಿ ಪಾಸ್‌ವರ್ಡುಗಳ ಒಂದು ಪಟ್ಟಿ, ಅಷ್ಟೇ. ಆ ವರ್ಷ ಅಕ್ಟೋಬರಿನಲ್ಲಿ ಅವೆಲ್ಲಾ ಸೇರಿ ವೆಬ್‌ಸೈಟುಗಳ ವಿಳಾಸ ಹುಡುಕಿಕೊಡುವ ಡೈನ್ ಅನ್ನುವ ಕಂಪನಿಯ ಮೇಲೆ ಬಿದ್ದು, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ತೆರೆಯದ ಹಾಗೆ ಮಾಡಿದವು. ಎದುರಿನ ಅಡತ್ ಅಂಗಡಿಯ ಕ್ಯಾಮೆರಾ ರಾತ್ರಿ ಚೀಲ ಕದಿಯುವವನನ್ನು ಇವತ್ತಿನ ತನಕ ಹಿಡಿದಿಲ್ಲ. ಆದರೆ ಅಮೆರಿಕದ ಮೇಲೆ ದಾಳಿ ಮಾಡುವ ಶಕ್ತಿ ಅದಕ್ಕಿದೆ ಅಂತ ಹೇಳಿದಾಗ ಅಂಗಡಿಯವರು ಅದನ್ನು ಒಂದು ಥರಾ ಹೆಮ್ಮೆಯಿಂದ ತಿರುಗಿ ನೋಡಿದರು.

ಇನ್ನು ಮೇ ತಿಂಗಳ ಆ ರಾತ್ರಿ.

ಬೇಸಿಗೆಯಲ್ಲಿ ಹಗಲು ಒಣಗಿಸಿ ರಾತ್ರಿ ಮಿಲ್ ಓಡಿಸುತ್ತಾರೆ. ಒಂಬತ್ತರ ಸುಮಾರಿಗೆ ಮುನೀಮರು ಬಾಗಿಲಲ್ಲಿ ಬಂದು ನಿಂತರು. "ಸಾವ್ಕಾರ್ರೆ, ಎಲಿವೇಟರ್ ಕಡಿಂದ ಸುಟ್ಟ ವಾಸನಿ ಬರ್ಲತ್ತದ. ಬೇರಿಂಗ್ ಇರಬೇಕ್ ನೋಡ್ರಿ." ಎಲಿವೇಟರ್ ಅಂದರೆ ಇಲ್ಲಿ ಕಾಳನ್ನು ಮೇಲಕ್ಕೆ ಎತ್ತುವ ಪಟ್ಟಿ. ಕಾಕಾ ಫೋನ್ ತೆಗೆದರು. ಆಪ್ ತೆರೆಯಿತು. ಎಲ್ಲಾ ಹಸಿರು, ಬೇರಿಂಗಿನ ಎದುರು ಒಂದು ನಗುವ ಮುಖ ಬೇರೆ. "ಏನೂ ಆಗಿಲ್ಲ ಮುನೀಮ್ರೆ, ಇಲ್ಲಿ ಎಲ್ಲಾ ಸರಿ ಅದಾ. ನಿಮ್ಮ ಮೂಗಿಗಿ ವಯಸ್ಸಾಗ್ಯಾದ." ಮುನೀಮರು ಇನ್ನೊಂದು ಸಲ ಹೇಳಿದರು. ಕಾಕಾ ಇನ್ನೊಂದು ಸಲ ಫೋನ್ ತೋರಿಸಿದರು.

ನಗುವ ಮುಖದ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ, ಕೊನೆಯ ಮಾಹಿತಿ ಮಧ್ಯಾಹ್ನ 3:40 ಅಂತ ಇತ್ತು. ಪಾಯಿಖಾನೆ ಮೇಲಿನ ಡಬ್ಬಿಯ ಪ್ಲಗ್ ಕಿತ್ತು ಯಾರೋ ಮೊಬೈಲ್ ಚಾರ್ಜಿಗೆ ಹಾಕಿಕೊಂಡಿದ್ದರು.

ಹತ್ತೂವರೆಗೆ ಎಲಿವೇಟರಿನ ಪಟ್ಟಿ ಸುಟ್ಟು ಕಿತ್ತು ಹೋಯ್ತು. ಹೊಗೆ ನೋಡಿ ಹಮಾಲರು ನೀರು ತಂದರು, ಯಾರಿಗೂ ಏನೂ ಆಗಲಿಲ್ಲ, ಮಿಲ್ ಎರಡು ದಿನ ಬಂದ್. ಗಲಾಟೆಯಲ್ಲಿ ಯಾರಿಗೋ ಡಬ್ಬಿಯ ನೆನಪಾಗಿ ಪ್ಲಗ್ ಚುಚ್ಚಿದರು. ಬೇರಿಂಗಿಗೆ ಅಂಟಿಸಿದ ಸೆನ್ಸರಿಗೆ ಅದರದ್ದೇ ಸೆಲ್ ಇದೆ, ಅದು ಪಾಪ ಎಲ್ಲವನ್ನೂ ಬರೆದಿಟ್ಟುಕೊಂಡು ಕಾಯುತ್ತಿತ್ತು. ಹನ್ನೊಂದೂ ಕಾಲಿಗೆ ಕಾಕಾ ಫೋನಿಗೆ ಹದಿನೇಳು ಮೆಸೇಜು ಒಟ್ಟಿಗೆ ಬಂದವು. ಮೊದಲನೆಯದರಲ್ಲಿ ಇತ್ತು: ರಾತ್ರಿ 8:52, ಬೇರಿಂಗ್ ಬಿಸಿಯಾಗುತ್ತಿದೆ, ದಯವಿಟ್ಟು ಪರೀಕ್ಷಿಸಿ.

ಮಾರನೇ ದಿನ ಕಂಪನಿಯಿಂದ ಫೋನ್ ಬಂತು. ಬೈಯಬೇಕು ಅಂತ ಕಾಕಾ ಗಂಟಲು ಸರಿಮಾಡಿಕೊಂಡರು. ಅವರು ಮೊದಲೇ ಅಭಿನಂದನೆ ಹೇಳಿಬಿಟ್ಟರು. ನಿಮ್ಮ ಸೆನ್ಸರ್ ಎಷ್ಟು ಪಕ್ಕಾ ಹಿಡಿದಿದೆ ನೋಡಿ ಸರ್, ಈ ಗ್ರಾಫನ್ನು ನಮ್ಮ ಮುಂದಿನ ಕಾರ್ಯಾಗಾರದಲ್ಲಿ ತೋರಿಸಬಹುದಾ ಅಂತ ಕೇಳಿದರು. ಹಾಗೇ ಹೊಸ ಪ್ಲಾನಿನ ಬಗ್ಗೆಯೂ ಹೇಳಿದರು. ಪ್ರೀಮಿಯಂ. ಬಾಡಿಗೆ ಎರಡು ಪಟ್ಟು. ಡಬ್ಬಿ ಅರ್ಧ ತಾಸು ಸುಮ್ಮನಿದ್ದರೆ ಬೆಂಗಳೂರಿನಿಂದ ಅವರ ಹುಡುಗರು ಫೋನ್ ಮಾಡಿ, ಮಿಲ್ಲಿನಲ್ಲಿ ಇರುವ ಒಬ್ಬ ಮನುಷ್ಯನಿಗೆ ಹೋಗಿ ನೋಡಿ, ಸದ್ದು ಕೇಳಿ, ವಾಸನೆ ಗೀಸನೆ ಬರುತ್ತಿದೆಯಾ ಅಂತ ಪರೀಕ್ಷೆ ಮಾಡಿ ಬರಲು ಹೇಳುತ್ತಾರಂತೆ.

ಕಾಕಾ ಒಪ್ಪಿದರು. ಯಾರ ನಂಬರ್ ಹಾಕಿಕೊಳ್ಳಲಿ ಸರ್ ಅಂತ ಆ ಕಡೆಯಿಂದ ಕೇಳಿದಾಗ, ಗಾದಿ ಮೇಲೆ ಕೂತು ಕಾಳು ಕಚ್ಚುತ್ತಿದ್ದ ಮುನೀಮರ ಕಡೆ ಒಂದು ಸಲ ನೋಡಿ, ಅವರ ನಂಬರೇ ಕೊಟ್ಟರು.