ನೋಡೇ, ಅಲ್ಲಿ ನೋಡೇ!

ಆರು ವರ್ಷದ ಮಗುವಿನ ಎತ್ತರ ಹೆಚ್ಚುಕಡಿಮೆ 115 ಸೆಂಟಿಮೀಟರ್. ಕಣ್ಣು ಇರುವುದು ಅದಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗೆ. ನೋಡುವ ಜಾಗಗಳಲ್ಲಿ ಜನ ಬೀಳದಿರಲಿ ಅಂತ ಹಾಕುವ ಕಂಬಿಯ ಮೇಲುಪಟ್ಟಿ ಬರುವುದೂ ಸುಮಾರು ಅದೇ ಮಟ್ಟಕ್ಕೆ. ಹಾಗಾಗಿ ನನ್ನ ನೆನಪಿನ ಜಲಪಾತ, ಕಣಿವೆ, ಅಣೆಕಟ್ಟು, ಹುಲಿ, ಸೂರ್ಯಾಸ್ತ ಎಲ್ಲದಕ್ಕೂ ನಟ್ಟನಡುವೆ ಅಡ್ಡಲಾಗಿ ಒಂದು ಹಸಿರು ಪೈಂಟಿನ ಪಟ್ಟಿ ಇದೆ. ಆ ಪೈಂಟ್ ಎಲ್ಲೆಲ್ಲಿ ಎದ್ದಿತ್ತು, ಯಾರು ಯಾರ ಹೆಸರನ್ನು ಮೊಳೆಯಲ್ಲಿ ಕೆರೆದಿದ್ದರು ಅನ್ನುವುದೆಲ್ಲ ಚೆನ್ನಾಗಿ ನೆನಪಿದೆ. ಜಲಪಾತ ಮಾತ್ರ ಮಸುಕು.

"ನೋಡೇ, ಅಲ್ಲಿ ನೋಡೇ!" ಅಂತ ಅಪ್ಪ ಮೇಲಿನಿಂದ ಹೇಳುತ್ತಿದ್ದರು. ಅಲ್ಲಿ ಅಂದರೆ ಎಲ್ಲಿ? ಅವರ ಬೆರಳು ಅವರ ಕಣ್ಣಿಗೆ ಸರಿಯಾಗಿಯೇ ತೋರಿಸುತ್ತಿತ್ತು. ಕೆಳಗಿನಿಂದ ನೋಡುವವಳಿಗೆ ಅದು ಆಕಾಶ ತೋರಿಸುತ್ತಿತ್ತು.

"ಕಾಣಿಸ್ತಾ?"

"ಹೂಂ."

"ಏನು ಕಾಣಿಸ್ತು ಹೇಳು?"

ಈ ಎರಡನೇ ಪ್ರಶ್ನೆ ಅನ್ಯಾಯ. ಒಂದು ಸಲ ಹೂಂ ಅಂದ ಮೇಲೆ ವಿಷಯ ಅಲ್ಲಿಗೆ ಬಿಡಬೇಕು.

ಒಂದು ದಿನದ ಪ್ರವಾಸ ಹೊರಡುವಾಗ ದೊಡ್ಡವರು ಹೇಳುವುದು ಒಂದೇ ಮಾತು: "ಮಕ್ಕಳಿಗೆ ತೋರಿಸ್ಕೊಂಡು ಬರೋಣ." ಯಾವ ಮಗು ತಾನಾಗಿ ಬಂದು ನನಗೆ ಅಣೆಕಟ್ಟು ನೋಡಬೇಕು ಅಂತ ಹಠ ಹಿಡಿದಿದೆ ಹೇಳಿ? ನಮಗೆ ಬೇಕಾಗಿದ್ದು ಸ್ವಲ್ಪ. ಕಿಟಕಿ ಪಕ್ಕದ ಸೀಟು. ತಿಂಡಿ ಡಬ್ಬಿ ಬೇಗ ತೆಗೆಯುವುದು. ಎಲ್ಲಾದರೂ ನೀರು ಕಂಡರೆ ಕಾಲಿಡಲು ಬಿಡುವುದು. ಕಿಟಕಿ ಸೀಟು ಒಂದು ಬಿಟ್ಟು ಉಳಿದೆರಡೂ ಮನೆಯ ಹಿತ್ತಲಲ್ಲೇ ಸಿಗುತ್ತಿದ್ದವು. ಆದರೆ ದೊಡ್ಡವರಿಗೆ ನೋಡುವ ಜಾಗವೇ ಆಗಬೇಕು. ನೋಡುವುದಕ್ಕಲ್ಲ, ನೋಡಿ ಆಯ್ತು ಅನ್ನುವುದಕ್ಕೆ.

ಬೆಳಗ್ಗೆ ಆರಕ್ಕೆ ಗಾಡಿ ಬಿಡುವುದು ಅಂತ ಹಿಂದಿನ ರಾತ್ರಿ ಘೋಷಣೆ ಆಗುತ್ತಿತ್ತು. ನಾನು, ತಮ್ಮ ಅದನ್ನು ನಂಬಿ ಐದಕ್ಕೇ ಎದ್ದು, ಶೂ ಹಾಕಿಕೊಂಡು, ಕುರ್ಚಿ ಮೇಲೆ ಕೂತು ಹಾಗೇ ನಿದ್ದೆ ಹೋಗುತ್ತಿದ್ದೆವು. ಎಂಟೂವರೆಗೆ "ಇವರಿಂದಲೇ ಲೇಟಾಗಿದ್ದು" ಅಂತ ಎಬ್ಬಿಸುತ್ತಿದ್ದರು. ಹೊಸ್ತಿಲು ದಾಟುವ ಮುಂಚೆ ಅಮ್ಮನ ಆಜ್ಞೆ.

"ಇಬ್ಬರೂ ಬಾತ್‌ರೂಮಿಗೆ ಹೋಗಿ ಬಂದ್ಬಿಡಿ."

"ಬರ್ತಿಲ್ಲಮ್ಮ."

"ಬರಿಸ್ಕೊಳ್ಳಿ."

ಕಾರು ಚಿಕ್ಕಪ್ಪನದು. ಮುಂದೆ ಚಿಕ್ಕಪ್ಪ, ಅಪ್ಪ. ಹಿಂದೆ ಅಮ್ಮ, ಅಜ್ಜಿ, ನಾನು. ತಮ್ಮ ಯಾರ ತೊಡೆ ಖಾಲಿ ಇದೆಯೋ ಅಲ್ಲಿ. ಅವನಿಗೆ ಕಾರಿನ ತಿರುವುಗಳು ಆಗಿಬರುತ್ತಿರಲಿಲ್ಲ. ಇದರ ಕಾರಣ ನನಗೆ ಗೊತ್ತಾಗಿದ್ದು ದೊಡ್ಡವಳಾದ ಮೇಲೆ. ಕಿವಿಯ ಒಳಭಾಗದಲ್ಲಿ ಒಂದಿಷ್ಟು ದ್ರವ ಇರುತ್ತದೆ. ಮೈ ಅಲುಗಿದರೆ ಅದೂ ಅಲುಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕಾರು ತಿರುಗುವಾಗ ಕಿವಿ ಹೇಳುತ್ತದೆ, ನಾವು ಹೋಗ್ತಾ ಇದೀವಿ. ಆದರೆ ಹಿಂದಿನ ಸೀಟಿನ ಮಗುವಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು. ಅದು ಅಲ್ಲಾಡುತ್ತಿಲ್ಲ. ಕಣ್ಣು ಹೇಳುತ್ತದೆ, ಇಲ್ಲೇ ಕೂತಿದೀವಿ. ಇಬ್ಬರಲ್ಲಿ ಯಾರನ್ನು ನಂಬುವುದು ಅಂತ ತಿಳಿಯದ ಮಿದುಳು ಸಿಟ್ಟನ್ನೆಲ್ಲ ಹೊಟ್ಟೆಯ ಮೇಲೆ ತೀರಿಸಿಕೊಳ್ಳುತ್ತದೆ. 2ರಿಂದ 12 ವರ್ಷದ ಮಕ್ಕಳಿಗೆ ಈ ಕಾಟ ಜಾಸ್ತಿ. ಗಾಡಿ ಓಡಿಸುವವರಿಗೆ ಸಾಮಾನ್ಯವಾಗಿ ಇರುವುದಿಲ್ಲ, ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತಿರುತ್ತದೆ ನೋಡಿ.

"ನನಗೆ ಯಾವತ್ತಾದ್ರೂ ವಾಂತಿ ಆಗಿದ್ಯಾ? ಎಲ್ಲ ಮನಸ್ಸಿನಲ್ಲಿರೋದು ಕಣೋ. ದೂರ ನೋಡು, ಸರಿ ಹೋಗುತ್ತೆ" ಎಂದರು ಚಿಕ್ಕಪ್ಪ. ದೂರ ನೋಡಬೇಕು ಅನ್ನುವ ಸಲಹೆ ಸರಿಯೇ. ತಮ್ಮ ದೂರ ನೋಡಬೇಕೆಂದು ಎರಡು ಸೀಟುಗಳ ಮಧ್ಯೆ ತಲೆ ತೂರಿಸಿ ಮುಂದಕ್ಕೆ ಬಾಗಿದ. ಆಮೇಲೆ ಆಗಿದ್ದು ಚಿಕ್ಕಪ್ಪನ ಅಂಗಿಯ ಎಡತೋಳಿಗೆ, ಗೇರಿಗೆ, ಒಂದಷ್ಟು ಅಪ್ಪನ ನಕಾಶೆಗೆ. ಅಮ್ಮನ ಬ್ಯಾಗಿನಲ್ಲಿ ಸೂಜಿ, ದಾರ, ಟಾರ್ಚು, ಮೂರು ಜನರ ಸ್ವೆಟರ್ ಇದ್ದವು. ಪ್ಲಾಸ್ಟಿಕ್ ಕವರ್ ಮಾತ್ರ ಡಿಕ್ಕಿಯಲ್ಲಿತ್ತು.

ಅವತ್ತು ಝೂಗೆ ಚಿಕ್ಕಪ್ಪ ಅಜ್ಜಿಯ ಶಾಲು ಹೊದ್ದುಕೊಂಡು ಬಂದರು.

ಝೂ ಅಂದರೆ ಸಿಂಹ. ಸಿಂಹ ಅಂದರೆ ನಿದ್ದೆ. ಅದು ದಿನಕ್ಕೆ ಇಪ್ಪತ್ತು ಗಂಟೆವರೆಗೂ ಬಿದ್ದುಕೊಂಡಿರಬಲ್ಲ ಪ್ರಾಣಿ, ಕಾಡಿನಲ್ಲೂ ಅಷ್ಟೇ. ಉಳಿದ ನಾಲ್ಕು ಗಂಟೆಯಲ್ಲಿ ನಾವು ಹೋಗಬೇಕಿತ್ತು, ಹೋಗಲಿಲ್ಲ. ಅಪ್ಪ ಇದನ್ನು ವೈಯಕ್ತಿಕವಾಗಿ ತೆಗೆದುಕೊಂಡರು. ಚಪ್ಪಾಳೆ ತಟ್ಟಿದರು. "ಹೋಯ್!" ಅಂದರು. ಕಂಬಿಯ ಮೇಲೆ ಕೈಗಡಿಯಾರ ತಾಗಿಸಿ ಟಕಟಕ ಸದ್ದು ಮಾಡಿದರು. ಸಿಂಹ ಬಾಲದ ತುದಿ ಒಂದು ಸಲ ಎತ್ತಿ ಹಾಕಿತು. ಪ್ರಾಣಿಗಳಿಗೆ ತೊಂದರೆ ಕೊಡಬಾರದು ಎಂಬ ಬೋರ್ಡ್ ಪಕ್ಕದಲ್ಲೇ ಇತ್ತು. ನನಗೆ ಆಗಷ್ಟೇ ಓದಲು ಬರುತ್ತಿತ್ತು, ಹಾಗಾಗಿ ಗಟ್ಟಿಯಾಗಿ ಓದಿದೆ. ಸುತ್ತಲಿದ್ದವರೆಲ್ಲ ಮೊದಲು ಬೋರ್ಡ್ ನೋಡಿ ಆಮೇಲೆ ಅಪ್ಪನನ್ನು ನೋಡಿದರು. "ಇವಳಿಗೆ ಓದೋದು ಕಲಿಸಿದ್ದು ಯಾರು?" ಅಂತ ಅಪ್ಪ ಅಮ್ಮನನ್ನು ಕೇಳಿದ್ದು ಮುಂದಿನ ಬೋನಿನ ಹತ್ತಿರ.

ಮೊಸಳೆ ವಿಷಯಕ್ಕೆ ಜಗಳವೇ ಆಯಿತು. ದಡದ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು, ಎಷ್ಟು ಹೊತ್ತಾದರೂ ಮುಚ್ಚಲಿಲ್ಲ. ಅದು ಬೊಂಬೆ ಎಂದರು ಅಪ್ಪ. ನಿಜವಾದ್ದು ಎಂದರು ಚಿಕ್ಕಪ್ಪ. ಮೊಸಳೆಗೆ ಮೈ ಬೆವರುವುದಿಲ್ಲ, ಬಿಸಿ ಜಾಸ್ತಿಯಾದರೆ ಹೀಗೆ ಬಾಯಿ ಕಳೆದು ಕೂತು ತಣ್ಣಗಾಗುತ್ತದೆ. ಈ ವಿಷಯ ಇಬ್ಬರಿಗೂ ಗೊತ್ತಿರಲಿಲ್ಲ, ಹಾಗಾಗಿ ವಾದ ಬಹಳ ಚೆನ್ನಾಗಿ ನಡೆಯಿತು. ಅಷ್ಟು ಹೊತ್ತೂ ನಾನು, ತಮ್ಮ ಕಸದ ಬುಟ್ಟಿಯಿಂದ ಬಿಸ್ಕತ್ತಿನ ಪೊಟ್ಟಣ ಎಳೆಯುತ್ತಿದ್ದ ಕಾಗೆಯನ್ನು ನೋಡಿದೆವು. ಅದಕ್ಕೆ ಬೋನಿಲ್ಲ, ಬೋರ್ಡಿಲ್ಲ, ನಿದ್ದೆಯೂ ಇಲ್ಲ. ಇಡೀ ಝೂನಲ್ಲಿ ಕೆಲಸ ಮಾಡುತ್ತಿದ್ದ ಪ್ರಾಣಿ ಅದೊಂದೇ.

ಮ್ಯೂಸಿಯಂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ಆಗುವ ಸುಸ್ತಿಗೆ ಒಂದು ಇತಿಹಾಸವೇ ಇದೆ. 1916ರಲ್ಲಿ ಅಮೆರಿಕದ ಬಾಸ್ಟನ್ ನಗರದ ಕಲಾ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬವರು 'ಮ್ಯೂಸಿಯಂ ಆಯಾಸ'ದ ಬಗ್ಗೆ ಒಂದು ಲೇಖನ ಬರೆದರು. ಒಬ್ಬ ಮನುಷ್ಯ ಗಾಜಿನ ಪೆಟ್ಟಿಗೆಗಳ ಮುಂದೆ ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಕುತ್ತಿಗೆ ಚಾಚಿ ಒದ್ದಾಡುವ ಫೋಟೊಗಳನ್ನೂ ಜತೆಗೆ ಹಾಕಿದರು. ದೊಡ್ಡ ಮನುಷ್ಯನಿಗೇ ಹಾಗಾದರೆ ನಮ್ಮ ಗತಿ? ನಮಗೆ ಕಾಣುತ್ತಿದ್ದುದು ಪೆಟ್ಟಿಗೆಯ ಕಾಲುಗಳು. ಎತ್ತಿ ತೋರಿಸಿದರೆ ಒಂದು ಮಡಕೆ. ಇಳಿಸಿ ಮುಂದೆ ಹೋಗಿ ಮತ್ತೆ ಎತ್ತಿದರೆ ಇನ್ನೊಂದು ಮಡಕೆ. "ಇದು ಎರಡು ಸಾವಿರ ವರ್ಷ ಹಳೇದು" ಅಂದರೆ ಆರು ವರ್ಷದವಳಿಗೆ ಏನು ಅನಿಸಬೇಕು? ಅಜ್ಜಿಗಿಂತ ಹಳೆಯದು ಅಂತ ಗೊತ್ತಾಯಿತು, ಅದನ್ನು ಅಜ್ಜಿಯ ಎದುರೇ ಹೇಳಿದೆ.

ಗುಹೆ ಪರವಾಗಿಲ್ಲ, ಕತ್ತಲಾದರೂ ಇರುತ್ತದೆ. ಸುಣ್ಣಕಲ್ಲಿನ ಗುಹೆಯ ಚಾವಣಿಯಿಂದ ಕಲ್ಲು ಇಳಿಬಿದ್ದಿರುತ್ತದಲ್ಲ, ಅದು ಒಂದು ಸೆಂಟಿಮೀಟರ್ ಬೆಳೆಯಲು ನೂರು ವರ್ಷ ಬೇಕಾಗಬಹುದು. ಗೈಡ್ ಇದನ್ನು ಅರ್ಧ ನಿಮಿಷದಲ್ಲಿ ಮುಗಿಸಿದ. ಆಮೇಲಿನ ಅರ್ಧ ಗಂಟೆ ಟಾರ್ಚ್ ಬಿಟ್ಟು ಬಿಟ್ಟು ಇದು ಆನೆ, ಇದು ಹಸು, ಇದು ಮಲಗಿದ ಮುದುಕ ಎನ್ನುತ್ತಾ ಹೋದ. ದೊಡ್ಡವರೆಲ್ಲ "ಓಹ್, ಹೌದಲ್ವಾ, ಸೊಂಡಿಲು ನೋಡ್ರೀ" ಎಂದರು. ನನಗೆ ಕಲ್ಲು ಕಂಡಿತು. ಕೊನೆಗೆ ಗೈಡ್ ಒಂದು ಮೂಲೆಗೆ ಟಾರ್ಚ್ ಬಿಟ್ಟು, "ಇದೇನು ಹೇಳು ಪುಟ್ಟಿ?" ಎಂದ. "ಆನೆ" ಎಂದೆ. "ಅದು ಸ್ವಿಚ್ ಬೋರ್ಡ್" ಎಂದ.

ಪೆಡಲ್ ದೋಣಿಯ ಕತೆಯನ್ನು ಮಾತ್ರ ನಿಧಾನವಾಗಿ ಹೇಳಬೇಕು.

ಕೆರೆಯೊಂದರಲ್ಲಿ ನಾಲ್ಕು ಜನರ ದೋಣಿ. ಮುಂದಿನ ಎರಡು ಸೀಟಿಗೆ ಪೆಡಲು, ಮಧ್ಯೆ ಚುಕ್ಕಾಣಿಯ ಹಿಡಿ. ನನಗೂ ತಮ್ಮನಿಗೂ ಕಾಲು ಎಟುಕುವುದಿಲ್ಲ ಅಂತ ಹಿಂದೆ ಕೂರಿಸಿದರು. ಮಕ್ಕಳಿಗೋಸ್ಕರ ತೆಗೆದುಕೊಂಡ ದೋಣಿಯಲ್ಲಿ ಅಪ್ಪ, ಚಿಕ್ಕಪ್ಪ ಮುಂದೆ ಕೂತರು. ಅಮ್ಮ, ಅಜ್ಜಿ ದಡದಲ್ಲಿ. ಮೊದಲ ಐದು ನಿಮಿಷ ಚೆನ್ನಾಗಿತ್ತು. ಆಮೇಲೆ ಅಪ್ಪ ಹಿಡಿಯನ್ನು ಎಡಕ್ಕೆ ತಳ್ಳಿದರು. ಚಿಕ್ಕಪ್ಪ ಬಲಕ್ಕೆ ಎಳೆದರು.

"ಆ ಕಡೆ ಜೊಂಡು ಇದೆ ಕಣೋ."

"ಈ ಕಡೆ ಬಂಡೆ ಇದೆ ಅಣ್ಣ."

"ನಾನು ಹೇಳಿದ್ದು ಕೇಳು."

"ಯಾವಾಗಲೂ ನೀನು ಹೇಳಿದ್ದೇ ಕೇಳಬೇಕಾ? ಸೈಕಲ್ ವಿಷಯದಲ್ಲೂ ಹೀಗೇ ಮಾಡಿದೆ."

ಸೈಕಲ್? ನಾನು, ತಮ್ಮ ನೆಟ್ಟಗೆ ಕೂತೆವು. ಚಿಕ್ಕಪ್ಪನಿಗೆ ಕೊಡುತ್ತೇನೆಂದಿದ್ದ ಸೈಕಲನ್ನು ಅಪ್ಪ ಬೇರೆ ಯಾರಿಗೋ ಕೊಟ್ಟಿದ್ದರಂತೆ. ಅದಕ್ಕೂ ಮುಂಚೆ ಚಿಕ್ಕಪ್ಪ ಅಪ್ಪನ ಗಾಳಿಪಟ ಹರಿದಿದ್ದರಂತೆ. ಹರಿದದ್ದಲ್ಲ, ಅದೇ ಹರಿದಿದ್ದಂತೆ. ಮಾತಿನ ಭರದಲ್ಲಿ ಇಬ್ಬರೂ ಪೆಡಲ್ ತುಳಿಯುವುದನ್ನು ನಿಲ್ಲಿಸಿದ್ದರು. ದೋಣಿ ಮುಂದಕ್ಕೆ ಹೋಗದಿದ್ದರೆ ಚುಕ್ಕಾಣಿಗೆ ಕೆಲಸವಿಲ್ಲ, ಪಕ್ಕದಲ್ಲಿ ನೀರು ಹರಿದರೆ ತಾನೆ ಅದು ದೋಣಿಯನ್ನು ತಿರುಗಿಸುವುದು. ಇಬ್ಬರೂ ಆ ಹಿಡಿಯನ್ನು ಎಡಕ್ಕೆ ಬಲಕ್ಕೆ ಜಗ್ಗಾಡುತ್ತಲೇ ಇದ್ದರು, ಗಾಳಿ ನಮ್ಮನ್ನು ನಿಧಾನವಾಗಿ ತನಗೆ ಬೇಕಾದ ಕಡೆ ಕರೆದುಕೊಂಡು ಹೋಯಿತು. ಜೊಂಡಿಗೆ.

ದಡದಲ್ಲಿ ಅಮ್ಮನಿಗೆ ಏನೂ ಕೇಳಿಸುತ್ತಿರಲಿಲ್ಲ. ಕೈ ಆಡಿಸುತ್ತಿರುವುದು ಕಂಡು ಖುಷಿಯಲ್ಲಿದ್ದಾರೆ ಅಂದುಕೊಂಡು ಅವರೂ ಕೈ ಬೀಸಿದರು, ಫೋಟೊ ತೆಗೆದರು. ಇನ್ನೊಂದು ದೋಣಿ ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋಗುವಾಗಲೂ ಗಾಳಿಪಟದ ವಿಚಾರಣೆ ಮುಗಿದಿರಲಿಲ್ಲ. ಅಪ್ಪನೂ ಒಂದು ಕಾಲದಲ್ಲಿ ನಮ್ಮ ಹಾಗೇ ಕಿತ್ತಾಡುವ ಹುಡುಗ ಆಗಿದ್ದರು ಅಂತ ಅದುವರೆಗೆ ನಮಗೆ ಯಾರೂ ಹೇಳಿರಲಿಲ್ಲ. ಟಿಕೆಟ್ ಕೊಟ್ಟು ನೋಡಿದ್ದರಲ್ಲಿ ಅತ್ಯಂತ ಒಳ್ಳೆಯ ದೃಶ್ಯ ಅದು. ಕಂಬಿ ಅಡ್ಡ ಇರಲಿಲ್ಲ.

ಈಗ ನಾನು ಮುಂದಿನ ಸೀಟಿಗೆ ಬಂದಿದ್ದೇನೆ. ಹಿಂದೆ ಮಗಳು, ಅವಳ ಪಕ್ಕದಲ್ಲಿ ಅಪ್ಪ. "ಕೂಸಿಗೆ ತೋರಿಸ್ಕೊಂಡು ಬರೋಣ" ಎಂದವರು ಅವರೇ.

ಮೊದಲು ತಾರಾಲಯ. ದೀಪ ಆರಿದ ಕೂಡಲೇ ಅಪ್ಪ ನಿದ್ದೆ ಹೋದರು. ಮೆತ್ತನೆ ಸೀಟು, ಹಿಂದಕ್ಕೆ ಒರಗುವ ಬೆನ್ನು, ಕತ್ತಲೆ, ಮೆಲ್ಲಗೆ ಮಾತಾಡುವ ಧ್ವನಿ. ಇಷ್ಟೆಲ್ಲ ಕೊಟ್ಟು ಎಚ್ಚರ ಇರಿ ಅಂದರೆ ಹೇಗೆ? ಎಚ್ಚರವಾದಾಗ ಗ್ರಹಗಳ ಸರದಿ ಮುಗಿಯುತ್ತಿತ್ತು.

"ಎಂಟೇ ತೋರಿಸಿದ್ರು. ಒಂದು ಬಿಟ್ಟಿದ್ದಾರೆ" ಎಂದರು ಹೊರಗೆ ಬಂದು.

"ಪ್ಲೂಟೊನಾ? ಅದನ್ನ ತೆಗೆದುಬಿಟ್ರು ಅಜ್ಜ."

"ತೆಗೆದ್ರಾ? ಯಾವಾಗ?"

"2006ರಲ್ಲಿ. ಪ್ರಾಗ್ ಅಂತ ಊರಲ್ಲಿ ವಿಜ್ಞಾನಿಗಳೆಲ್ಲ ಸೇರಿ ವೋಟ್ ಹಾಕಿದ್ರಂತೆ. ಈಗ ಅದು ಕುಬ್ಜ ಗ್ರಹ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಯಾರೂ ಹೇಳಲೇ ಇಲ್ಲ" ಎಂದರು. ಮಗಳು ಅವರ ಕೈ ಹಿಡಿದುಕೊಂಡಳು. ಆರು ವರ್ಷದವಳು ಗ್ರಹ ಕಳೆದುಕೊಂಡ ಹಿರಿಯರನ್ನು ಸಮಾಧಾನ ಮಾಡುವುದನ್ನು ನಾನು ಮೊದಲ ಬಾರಿ ನೋಡಿದ್ದು.

ಅಲ್ಲಿಂದ ಝೂ. ನೀರಾನೆಯ ಕೊಳದ ಮುಂದೆ ನಿಂತೆವು. ನೀರಾನೆ ನೀರಿನೊಳಗಿತ್ತು. "ಐದು ನಿಮಿಷ ಉಸಿರು ಕಟ್ಟಿಕೊಂಡು ಒಳಗಿರುತ್ತೆ, ಆಮೇಲೆ ಬಂದೇ ಬರುತ್ತೆ" ಎಂದು ನಾನೇ ಹೇಳಿದೆ. ಅಪ್ಪ ಮೊಬೈಲ್ ಎತ್ತಿ ಹಿಡಿದರು. ಮಗಳು ಬೇರೆ ಕಡೆ ನೋಡುತ್ತಿದ್ದಳು. ಪಕ್ಕದ ಖಾಲಿ ಕಟ್ಟೆಯನ್ನು ಒಬ್ಬರು ಉದ್ದನೆ ಪೈಪ್ ಹಿಡಿದು ತೊಳೆಯುತ್ತಿದ್ದರು.

"ನೋಡೇ, ಇಲ್ಲಿ ನೋಡೇ, ಈಗ ಬರುತ್ತೆ" ಎಂದೆ.

"ಅಮ್ಮಾ, ಆ ಪೈಪ್ ಎಷ್ಟುದ್ದ ಇದೆ?"

"ಗೊತ್ತಿಲ್ಲಮ್ಮ. ನೀರು ನೋಡು."

"ಆ ಅಂಕಲ್‌ನ ಕೇಳಣ?"

ಕೇಳಿದಳು, ನನ್ನ ಒಪ್ಪಿಗೆಗೆ ಕಾಯದೆ, ಕಂಬಿಯ ಸಂದಿಯಿಂದ. ಅವರು ನಲ್ಲಿ ನಿಲ್ಲಿಸಿ ನಮ್ಮ ಕಡೆ ನೋಡಿದರು. "ಮೇಡಂ, ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿಲ್ಲ" ಎಂದರು. ನೀರಾನೆಯ ತೂಕ ಎಷ್ಟು, ಹೆಸರೇನು, ಕಚ್ಚುತ್ತಾ ಅಂತೆಲ್ಲ ಕೇಳುತ್ತಾರಂತೆ. ಪೈಪ್ ಇವರ ಸ್ವಂತ ಏರ್ಪಾಡಂತೆ, ಎರಡು ಪೈಪಿಗೆ ನಡುವೆ ಗಂಟು ಹಾಕಿ ಜೋಡಿಸಿದ್ದಂತೆ. ಉದ್ದ ತೋರಿಸುತ್ತೇನೆಂದು ಸುರುಳಿ ಬಿಚ್ಚುತ್ತಾ ಕಟ್ಟೆಯ ಆ ತುದಿವರೆಗೂ ನಡೆದರು. ಮಗಳು ಈಚೆಯಿಂದ ಹೆಜ್ಜೆ ಹಾಕುತ್ತಾ ಎಣಿಸಿದಳು. ಜನ ಇವರೇನು ನೋಡುತ್ತಿದ್ದಾರೆ ಅಂತ ಬಂದು ಸೇರಿಕೊಂಡರು. ಯಾರೋ ತಮ್ಮ ಮಗುವನ್ನು ಹೆಗಲ ಮೇಲೆ ಎತ್ತಿಕೊಂಡು "ಅಲ್ಲಿ ನೋಡು, ಅಲ್ಲಿ" ಎಂದು ಪೈಪ್ ತೋರಿಸಿದರು. ಅಪ್ಪ ಕೂಡ ಮೊಬೈಲನ್ನು ಈ ಕಡೆ ತಿರುಗಿಸಿ ಎರಡು ಫೋಟೊ ತೆಗೆದರು.

ಅಷ್ಟರಲ್ಲಿ ನೀರಾನೆ ಮೇಲೆ ಬಂದು, ಬಾಯಿ ಪೂರ್ತಿ ತೆರೆದು, ಮತ್ತೆ ಮುಳುಗಿತಂತೆ. ಪಕ್ಕದವರು ಹೇಳಿದರು.