ಶನಿವಾರ ರಾತ್ರಿ, ರೀಟೇಕ್ ಇಲ್ಲ

ಕೋಡಂಗಿ ವೇಷ ಹಾಕ್ಕೊಳ್ತಾ ಕೂತಿರೋನು ಗೋಳಾಡ್ಕೊಂಡು ಹಾಡ್ತಾ ಹಾಡ್ತಾ ಕೆನ್ನೆ ಮೇಲೆ ಪೆನ್ಸಿಲ್ಲಲ್ಲಿ ಒಂದು ಹನಿ ಕಣ್ಣೀರು ಬರ್ಕೋಬೇಕು, ಅಷ್ಟೇ ಇದ್ದಿದ್ದು ಪ್ಲಾನು. ಪೆನ್ಸಿಲ್ ಮೊನೆ ಮುರ್ದೋಯ್ತು. 1955, ಅಮೆರಿಕದ ಎನ್‌ಬಿಸಿ ಚಾನೆಲ್ಲು, ಪೂರ್ತಿ ಲೈವ್, ದೇಶ ಎಲ್ಲಾ ನೋಡ್ತಾ ಇದೆ. ಸಿಡ್ ಸೀಸರ್ ಅನ್ನೋ ಆ ಕಾಮಿಡಿ ನಟ, ಪುಣ್ಯಾತ್ಮ, ಹಾಡು ನಿಲ್ಲಿಸ್ಲೇ ಇಲ್ಲ, ಬ್ರಷ್ ಎತ್ಕೊಂಡು ಕೆನ್ನೆ ಮೇಲೆ ಉದ್ದಕ್ಕೆರಡು ಅಡ್ಡಕ್ಕೆರಡು ಗೆರೆ ಎಳ್ದು ತನ್ನ ಮುಖದ ಮೇಲೆ ತಾನೇ ಸೊನ್ನೆ-ಇಂಟು ಆಟ ಆಡೋಕೆ ಶುರು ಮಾಡ್ಬಿಟ್ಟ, ಅದೇ ಟಿಕ್ ಟ್ಯಾಕ್ ಟೋ. ಹಾಡ್ತಾ ಇದ್ದಿದ್ದೂ ಇಟಾಲಿಯನ್ ಅಲ್ಲ ಮತ್ತೆ, ಇಟಾಲಿಯನ್ ಥರ ಕೇಳ್ಸೋ ಬರೀ ಬುರುಡೆ ಶಬ್ದ.

ಇದು 'ಸೀಸರ್ಸ್ ಅವರ್' ಅನ್ನೋ ಪ್ರೋಗ್ರಾಮಿಂದು. ಇದಕ್ಕೂ ಮುಂಚೆ ಇದೇ ಮನುಷ್ಯ ಮಾಡ್ತಿದ್ದ 'ಯುವರ್ ಶೋ ಆಫ್ ಶೋಸ್' ಇನ್ನೂ ದೊಡ್ಡ ಹುಚ್ಚು. 1950ರ ಫೆಬ್ರವರಿಯಿಂದ 1954ರ ಜೂನ್‌ವರೆಗೆ, ಶನಿವಾರ ರಾತ್ರಿ, 90 ನಿಮಿಷ, ನ್ಯೂಯಾರ್ಕಲ್ಲಿ ಥಿಯೇಟರ್ ತುಂಬಾ ಜನ ಕೂರ್ಸ್ಕೊಂಡು ಲೈವ್. ವರ್ಷಕ್ಕೆ 39 ವಾರ. ಪ್ರತಿ ವಾರ ಹೊಸಾ ಸ್ಕಿಟ್ಟು, ಹೊಸಾ ಡ್ಯಾನ್ಸು, ಮಧ್ಯೆ ಒಪೆರಾ, ಅಂದ್ರೆ ಪಾಶ್ಚಾತ್ಯ ಸಂಗೀತ ನಾಟಕದ ಹಾಡು ಬೇರೆ. ನಮ್ಮ ಕಡೆ ವರ್ಷಕ್ಕೊಂದು ಸಲ ಸ್ಕೂಲ್ ಡೇ ಮಾಡೋಕೇ ಎರಡು ತಿಂಗಳು ಪ್ರಾಕ್ಟೀಸು, ಅದ್ರಲ್ಲೂ ಮೈಕ್ ಕೈ ಕೊಡುತ್ತೆ. ಇವ್ರು ಸೋಮವಾರ ಖಾಲಿ ಹಾಳೆ ಇಟ್ಕೊಂಡು ಕೂತು ಶನಿವಾರ ಸ್ಟೇಜ್ ಹತ್ತೋರು, ಡೈಲಾಗ್ ಬರ್ದಿಟ್ಟು ತೋರ್ಸೋ ಬೋರ್ಡೂ ಇಲ್ಲ, ಮರೆತ್ರೆ ಮರೀತು, ಜೊತೇಲಿ ನಟಿಸೋ ಇಮೋಜೀನ್ ಕೋಕಾನೋ ಕಾರ್ಲ್ ರೈನರೋ ಎಳ್ಕೊಂಡು ದಡ ಸೇರಿಸ್ಬೇಕು. ಈಗ ನೋಡಿದ್ರೆ ಎಲ್ಲಾನೂ ಚೆನ್ನಾಗಿದೆ ಅಂತ ಸುಳ್ಳು ಹೇಳಲ್ಲ, ಒಪೆರಾ ಬಂದ್ರೆ ನಾನು ಫಾರ್ವರ್ಡ್ ಮಾಡ್ತೀನಿ, ಗಂಡ ಹೆಂಡ್ತಿ ಜಗಳದ ಸ್ಕಿಟ್ಟುಗಳು ಕೆಲವು ಎಳೀತಾವೆ.

ಆದ್ರೆ ಅಂಕಲ್ ಗೂಪಿ ಬಂದ್ರೆ ಯಾರೂ ರಿಮೋಟ್ ಮುಟ್ಟಲ್ಲ.

ಆಗ ಅಲ್ಲಿ ಯಾರನ್ನಾದ್ರೂ ದಿಢೀರಂತ ಸ್ಟೇಜಿಗೆ ಕರ್ದು, ಹಳೇ ನೆಂಟ್ರನ್ನೆಲ್ಲಾ ತಂದು ನಿಲ್ಲಿಸಿ ಅಳಿಸೋ ಪ್ರೋಗ್ರಾಮ್ ಒಂದು ಭಾರೀ ಫೇಮಸ್ಸು, ಅದನ್ನ ಆಡ್ಕೊಂಡು 1954ರ ಏಪ್ರಿಲ್ಲಲ್ಲಿ ಈ ಸ್ಕಿಟ್ ಮಾಡಿದ್ರು. ರೈನರ್ ಮೈಕ್ ಹಿಡ್ಕೊಂಡು ಪ್ರೇಕ್ಷಕರ ಮಧ್ಯೆ ಇಳ್ದು ಬರ್ತಾನೆ, ಇವತ್ತಿನ ಕತೆ ನಿಮ್ದೇ ಅಂತಾನೆ, ಸೀಸರ್ ನಂಗೆ ಬೇಡಪ್ಪಾ ಅಂತ ಥಿಯೇಟರೆಲ್ಲಾ ಓಡ್ತಾನೆ, ಕೊನೆಗೆ ಆಳುಗಳು ಹಿಡ್ದು ಹೊತ್ಕೊಂಡು ಬರ್ಬೇಕು. ಆಮೇಲೆ ಹೋವರ್ಡ್ ಮಾರಿಸ್ ಎಂಟ್ರಿ, ಅಂಕಲ್ ಗೂಪಿ. ಪುಟ್ಟ ಆಳು. ಸೀಸರನ್ನ ತಬ್ಕೊಂಡು ಅಳೋಕೆ ಶುರು ಮಾಡಿದ್ರೆ ಬಿಡೋ ಮಾತೇ ಇಲ್ಲ, ಎಳ್ದು ಸೋಫಾ ಮೇಲೆ ಕೂರಿಸ್ತಾರೆ, ಇನ್ನೊಬ್ಬ ನೆಂಟ ಬರ್ತಾನೆ, ಅಷ್ಟರಲ್ಲಿ ಗೂಪಿಗೆ ಮತ್ತೆ ದುಃಖ ಉಕ್ಕಿ ಓಡಿ ಬಂದು ಅಪ್ಪಿ, ಮತ್ತೆ ಎಳ್ದು, ಮತ್ತೆ ಬಂದು, ಕೊನೆಗೆ ಸೀಸರ್ ಕಾಲಿಗೆ ಮರಿಕೋತಿ ಥರ ಜೋತು ಬೀಳ್ತಾನೆ, ಸೀಸರ್ ಆ ಕಾಲನ್ನ ಹಾಗೇ ಎಳ್ಕೊಂಡು ನಡೀತಾನೆ. ಮಾತೇ ಬೇಕಾಗಿಲ್ಲ. ನಮ್ಮಲ್ಲೂ ಮದುವೆ ಮನೇಲಿ ಇಂಥ ಒಬ್ರು ದೊಡ್ಡಮ್ಮ ಇದ್ದೇ ಇರ್ತಾರೆ, ಹೆಣ್ಣು ಒಪ್ಪಿಸೋ ಹೊತ್ತಲ್ಲಿ ಹುಡುಗಿ ಅವ್ವನೇ ಕಣ್ಣು ಒರೆಸ್ಕೊಂಡು ಸುಮ್ನಾದ್ರೂ ಇವ್ರು ಸುಮ್ನಾಗಲ್ಲ.

ಸೀಸರ್‌ಗೆ ಆ ಬುರುಡೆ ಭಾಷೆ ಎಲ್ಲಿಂದ ಬಂತು ಅಂದ್ರೆ, ಯಾಂಕರ್ಸ್ ಅನ್ನೋ ಊರಲ್ಲಿ ಅವ್ರಪ್ಪ ಅಮ್ಮಂದು ಹೋಟ್ಲು. ಕೆಲಸಕ್ಕೆ ವಲಸೆ ಬಂದವ್ರು ಊಟಕ್ಕೆ ಬಂದ್ರೆ ಇಟಲಿಯವ್ರದ್ದು ಒಂದು ಟೇಬಲ್, ರಷ್ಯಾದವ್ರದ್ದು ಒಂದು, ಪೋಲೆಂಡಿನವ್ರದ್ದು ಒಂದು. ಹುಡುಗ ತಟ್ಟೆ ಎತ್ತುತ್ತಾ ಒಂದೊಂದು ಟೇಬಲ್ಲಿನ ರಾಗ ಹಿಡ್ಕೊಂಡ, ಪದ ಒಂದೂ ಬೇಡ ಅವ್ನಿಗೆ. ನಾವು ಚಿಕ್ಕೋರಿದ್ದಾಗ ಟಸ್ಸು ಪುಸ್ಸು ಅಂತ ಇಂಗ್ಲಿಷ್ ಆಡ್ತಿದ್ವಲ್ಲ, ಕಲಾಮಂದಿರದಷ್ಟು ದೊಡ್ಡ ಜಾಗದಲ್ಲಿ ಅದನ್ನೇ ಆಡಿ ಸಂಬಳ ತಗೊಂಡ ಅಂತ ಇಟ್ಕೊಳಿ. ವಿಚಿತ್ರ ಅಂದ್ರೆ ವೇಷ ಇಲ್ದೆ ತಾನು ತಾನಾಗಿ ನಿಂತು ನಾಲ್ಕು ಮಾತು ಆಡು ಅಂದ್ರೆ ಈ ಮನುಷ್ಯ ತಡವರಿಸ್ತಿದ್ದನಂತೆ.

ಬರೆಯೋರ ರೂಮಿನ ಕತೆಗಳಂತೂ ಶೋಗಿಂತ ಚೆನ್ನಾಗಿವೆ. ಮೆಲ್ ಟೋಲ್ಕಿನ್, ಮೆಲ್ ಬ್ರೂಕ್ಸ್, ನೀಲ್ ಸೈಮನ್, ಅವ್ರಣ್ಣ ಡ್ಯಾನಿ, ಎಲ್ರೂ ಒಂದೇ ಸಲ ಕೂಗಾಡೋರು. ಲೂಸಿಲ್ ಕ್ಯಾಲನ್ ಒಬ್ರೇ ಹೆಂಗಸು ಮೊದಮೊದ್ಲು, ಈ ಗಲಾಟೇಲಿ ತನ್ನ ಮಾತು ಕೇಳಿಸ್ಬೇಕಂದ್ರೆ ಎತ್ತರಕ್ಕೆ ಹತ್ತಿ ನಿಂತು ಕೆಂಪು ಸ್ವೆಟರ್ ಬೀಸ್ಬೇಕಿತ್ತಂತೆ. ನೀಲ್ ಸೈಮನ್ ಮೆದು ದನಿ, ಜೋಕನ್ನ ಪಕ್ಕದಲ್ಲಿದ್ದ ರೈನರ್ ಕಿವೀಲಿ ಹೇಳೋನು, ರೈನರ್ ಎದ್ದು ಇವನ ಹತ್ರ ಇದೆ ಕೇಳ್ರೋ ಅಂತ ಅರಚೋನು. ಮೆಲ್ ಬ್ರೂಕ್ಸ್‌ಗೆ ಶುರುವಲ್ಲಿ ವಾರಕ್ಕೆ 50 ಡಾಲರ್, ಅದೂ ಸೀಸರ್ ಜೇಬಿಂದ. ಒಂದ್ಸಲ ಸಿಟ್ಟು ನೆತ್ತಿಗೇರಿ ಸೀಸರ್ ಅದೇ ಬ್ರೂಕ್ಸ್‌ನ ಶಿಕಾಗೋದಲ್ಲಿ ಹೋಟೆಲ್ ಕಿಟಕಿಯಿಂದ ಆಚೆ ನೇತು ಹಾಕಿದ್ದ ಅಂತ ಬ್ರೂಕ್ಸೇ ನಗ್ತಾ ಹೇಳ್ತಾನೆ, ನಂಗೇನೋ ಅದ್ರಲ್ಲಿ ನಗು ಬರಲ್ಲ. ಕುಡಿತ, ಮಾತ್ರೆ ಎಲ್ಲಾ ಸೇರಿ ಸೀಸರ್ ಎಷ್ಟೋ ವರ್ಷ ಹಾಳು ಮಾಡ್ಕೊಂಡ, ಆಮೇಲೆ ಬಿಟ್ಟು ಹೊರಗೂ ಬಂದ, 2014ರವರೆಗೂ ಬದುಕಿದ್ದ.

ನಂಗೆ ಈ ಇಡೀ ಕತೇಲಿ ಸಿಕ್ಕಾಪಟ್ಟೆ ಇಷ್ಟ ಆಗೋದು ದುಡ್ಡಿನ ವಿಷಯ. 1949ರಲ್ಲಿ ಇದೇ ಸೀಸರ್, ಕೋಕಾ, ನಿರ್ಮಾಪಕ ಮ್ಯಾಕ್ಸ್ ಲೀಬ್‌ಮನ್ ಸೇರಿ 'ಅಡ್ಮಿರಲ್ ಬ್ರಾಡ್‌ವೇ ರೆವ್ಯೂ' ಅಂತ ಮಾಡಿದ್ರು, ಸ್ಪಾನ್ಸರ್ ಅಡ್ಮಿರಲ್ ಅನ್ನೋ ಟಿವಿ ಕಂಪನಿ. ಕೆಲವೇ ತಿಂಗಳಲ್ಲಿ ನಿಂತೋಯ್ತು. ಜನ ನೋಡ್ಲಿಲ್ಲ ಅಂತಲ್ಲ, ಶೋ ನೋಡೋಕೆ ಅಂತ ಜನ ಟಿವಿ ಸೆಟ್ ಕೊಳ್ಳೋಕೆ ಮುಗಿಬಿದ್ದು, ಆರ್ಡರ್ ಪೂರೈಸೋಕಾಗ್ದೆ, ಜಾಹೀರಾತಿಗೆ ಹಾಕೋ ದುಡ್ಡನ್ನ ಫ್ಯಾಕ್ಟರಿಗೇ ಹಾಕೋಣ ಅಂತ ಕಂಪನಿಯವ್ರು ಕೈ ಬಿಟ್ರಂತೆ, ಸೀಸರ್ ಹೇಳ್ಕೊಂಡು ಬಂದ ಕತೆ ಇದು. ಗೆದ್ದಿದ್ದಕ್ಕೆ ಕೆಲಸ ಹೋಗೋದು ಅಂದ್ರೆ ಇದು. ಮುಂದೆ ಆ ಸೆಟ್ಟುಗಳು ಊರೂರಿಗೆ ಹೋದ್ವು. ವಿದೇಶಿ ಸಿನಿಮಾ, ಒಪೆರಾನೆಲ್ಲಾ ಆಡ್ಕೊಂಡು ನಗೋ ಪಟ್ಟಣದವ್ರ ಪೆಟ್ಟಿಗೆ ಎಲ್ರ ಮನೆ ಪೆಟ್ಟಿಗೆ ಆಯ್ತು, ಎಲ್ರಿಗೂ ಬೇಕಾಗಿದ್ದು ನೆಮ್ಮದಿಯಾಗಿ ಕೇಳೋ ಹಾಡು. ಎದುರಿನ ಚಾನೆಲ್ಲಲ್ಲಿ ಲಾರೆನ್ಸ್ ವೆಲ್ಕ್ ಅನ್ನೋ ವಾದ್ಯಗೋಷ್ಠಿಯವ್ನು ಅಕಾರ್ಡಿಯನ್ ಹಿಡ್ಕೊಂಡು ಬಂದ, 1957ಕ್ಕೆ 'ಸೀಸರ್ಸ್ ಅವರ್' ಬಾಗ್ಲು ಹಾಕ್ತು. ಅಂದ್ರೆ ಮೊದ್ಲನೇ ಸಲವೂ ಟಿವಿ ಮಾರಾಟ ಆಗಿದ್ದಕ್ಕೇ ಹೋಯ್ತು, ಕೊನೇ ಸಲವೂ ಒಂಥರಾ ಅದಕ್ಕೇ.

ನಮ್ಗೆ ಇಷ್ಟಾದ್ರೂ ನೋಡೋಕೆ ಸಿಗ್ತಿರೋದು ಕಿನೆಸ್ಕೋಪ್ ದಯೆಯಿಂದ. ಆಗಿನ್ನೂ ವಿಡಿಯೋಟೇಪ್ ಬಂದಿರ್ಲಿಲ್ಲ, ಟಿವಿ ಪರದೆ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಶೂಟ್ ಮಾಡ್ಕೊಳ್ಳೋದು, ಅದಕ್ಕೇ ಚಿತ್ರ ಮಂಜು ಮಂಜು. ಲೀಬ್‌ಮನ್ ಆ ರೀಲುಗಳನ್ನ ಇಟ್ಕೊಂಡಿದ್ದಕ್ಕೆ 1973ರಲ್ಲಿ ಹತ್ತು ಸ್ಕಿಟ್ ಸೇರ್ಸಿ ಥಿಯೇಟರಲ್ಲೇ ತೋರ್ಸಿದ್ರು. ಗೂಪಿ ಅದ್ರಲ್ಲಿದಾನೆ. ನೋಡೋದಾದ್ರೆ ಅಲ್ಲಿಂದ ಶುರು ಮಾಡಿ, ಸಬ್‌ಟೈಟಲ್ ಹುಡುಕ್ತಾ ಕೂರ್ಬೇಡಿ.