ಡೊನಾವೆಶಿಂಗೆನ್ ಉತ್ಸವಕ್ಕೆ ಹೋಗುವ ನಮ್ಮ ದುಡ್ಡು ದಂಡ ಅಲ್ಲ

ಜರ್ಮನಿಯಲ್ಲಿ ಪ್ರತಿ ಮನೆಯವರೂ ತಿಂಗಳಿಗೆ 18.36 ಯೂರೋ ರೇಡಿಯೋ-ಟೀವಿ ಶುಲ್ಕ ಕಟ್ಟಬೇಕು. ನಮ್ಮ ಮನೆಯಿಂದಲೂ ಹೋಗುತ್ತದೆ. ಅಕ್ಟೋಬರ್ ಬಂತು ಅಂದರೆ ಇಲ್ಲಿನ ಕನ್ನಡದ ಗೆಳೆಯರು ಕೇಳುತ್ತಾರೆ: "ಆ ದುಡ್ಡಲ್ಲಿ ಯಾರಿಗೂ ಅರ್ಥ ಆಗದ ಕರಕರ ಸದ್ದಿಗೆ ಉತ್ಸವ ಮಾಡ್ತಾರಲ್ಲ, ಇದೆಲ್ಲ ಬೇಕಾ?" ಬೇಕು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಡೊನಾವೆಶಿಂಗೆನ್ ಬ್ಲ್ಯಾಕ್ ಫಾರೆಸ್ಟ್ ಕಡೆಯ ಸಣ್ಣ ಊರು. ಡ್ಯಾನ್ಯೂಬ್ ಹುಟ್ಟುವ ಜಾಗ ಅಂತ ಅಲ್ಲಿ ಒಂದು ಕೊಳ ತೋರಿಸುತ್ತಾರೆ. 1921ರಲ್ಲಿ ಫ್ಯುರ್ಸ್ಟನ್‌ಬರ್ಗ್ ರಾಜಮನೆತನದ ಆಶ್ರಯದಲ್ಲಿ ಹೊಸ ಸಂಗೀತಕ್ಕೆಂದೇ ಅಲ್ಲಿ ಉತ್ಸವ ಶುರುವಾಯಿತು. ಆ ವರ್ಷವೇ ಪಾಲ್ ಹಿಂಡೆಮಿಟ್ ಎಂಬ 25ರ ಹರೆಯದ ಸಂಯೋಜಕನ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ) ನುಡಿಸಬೇಕಿದ್ದ ತಂಡ ಆಗೋದಿಲ್ಲ ಅಂದುಬಿಟ್ಟಿತು. ಅವನು ತಾನೇ ವಿಯೋಲ (ವಯಲಿನ್‌ಗಿಂತ ಸ್ವಲ್ಪ ದೊಡ್ಡ ವಾದ್ಯ) ಹಿಡಿದ, ಲಿಕೋ ಅಮಾರ್ ಎಂಬ ವಯಲಿನ್ ವಾದಕನ ಜೊತೆ ಸೇರಿ ಬೇರೆ ತಂಡ ಕಟ್ಟಿ ನುಡಿಸಿಯೇಬಿಟ್ಟ.

ಆದರೆ ನನಗೆ ಮುಖ್ಯ ಅನಿಸೋದು 1950ರ ನಂತರದ ಕಥೆ. ಆಗ ಬಾಡೆನ್-ಬಾಡೆನ್‌ನ ಸಾರ್ವಜನಿಕ ರೇಡಿಯೋ, ಅಂದರೆ ಜನರ ಶುಲ್ಕದಲ್ಲಿ ನಡೆಯುವ ರೇಡಿಯೋ, ಕೈಜೋಡಿಸಿತು. ರೇಡಿಯೋ ಸಂಯೋಜಕರಿಗೆ ಮುಂಚೆಯೇ ದುಡ್ಡು ಕೊಟ್ಟು ಹೊಸ ಕೃತಿ ಬರೆಸುತ್ತದೆ. ಅದರದೇ ಆರ್ಕೆಸ್ಟ್ರಾ ಕೂತು ರಿಹರ್ಸಲ್ ಮಾಡುತ್ತದೆ. ಕಛೇರಿ ರೇಡಿಯೋದಲ್ಲಿ ಎಲ್ಲರಿಗೂ ಹೋಗುತ್ತದೆ. ಹೇಗೆ ಬರುತ್ತದೋ ಗೊತ್ತಿಲ್ಲದ ಕೃತಿಗೆ ದೊಡ್ಡ ಆರ್ಕೆಸ್ಟ್ರಾವನ್ನು ಕೂರಿಸುವುದು ಟಿಕೆಟ್ ಮಾರಿ ಆಗುವ ಕೆಲಸ ಅಲ್ಲ, ಅಲ್ವಾ?

ಯಾನಿಸ್ ಕ್ಸೆನಾಕಿಸ್‌ನನ್ನೇ ನೋಡಿ. ಗ್ರೀಸ್ ಬಿಟ್ಟು ಓಡಿ ಬಂದ ಎಂಜಿನಿಯರ್, ಸಂಯೋಜಕನೂ ಹೌದು. ನಮ್ಮ ಚಂಡೀಗಢಕ್ಕೆ ನಕ್ಷೆ ಹಾಕಿದ ಲ ಕಾರ್ಬೂಸಿಯೆಯ ಪ್ಯಾರಿಸ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ. ಅವನ 'ಮೆಟಾಸ್ಟಾಸಿಸ್' 1955ರಲ್ಲಿ ಇಲ್ಲೇ ಮೊದಲು ಕೇಳಿಸಿತು, 61 ವಾದಕರು. ತಂತಿವಾದ್ಯದವರು ಒಬ್ಬೊಬ್ಬರೂ ಬೇರೆ ಬೇರೆ ವೇಗದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾರೆ. ಹೌದು, ನಮ್ಮ ಗಮಕದ ಜಾರು ಗೊತ್ತಿದ್ದವರಿಗೆ ಇದು ಬೇಗ ಹಿಡಿಸಬಹುದು. ಆರು ವರ್ಷ ಕಳೆದು 1961ರ ಅಕ್ಟೋಬರ್‌ನಲ್ಲಿ ಜ್ಯೋರ್ಜ್ ಲಿಗೆಟಿ ಎಂಬ ಸಂಯೋಜಕನ 'ಅಟ್ಮಾಸ್ಫಿಯರ್ಸ್' ಬಂತು. ಹಾಡಿಕೊಳ್ಳುವ ಧಾಟಿ ಇಲ್ಲ, ತಾಳ ಹಾಕೋಣ ಅಂದರೆ ಕೈ ಎತ್ತಲು ಜಾಗ ಇಲ್ಲ, ಇಡೀ ಆರ್ಕೆಸ್ಟ್ರಾ ಒಂದೇ ದಟ್ಟ ನಾದವಾಗಿ ನಿಧಾನಕ್ಕೆ ಬಣ್ಣ ಬದಲಾಯಿಸುತ್ತಾ ಹೋಗುತ್ತದೆ. ಅರ್ಥ ಆಗಲ್ಲ ಅಂತೀರಲ್ಲ, ಅವತ್ತಿನ ಜನ ಅದನ್ನು ಮತ್ತೊಮ್ಮೆ ನುಡಿಸಿ ಅಂತ ಕೇಳಿದರು, ನುಡಿಸಿದರು ಕೂಡ.

ಆ ಎರಡೂ ಕೃತಿಗಳನ್ನು ಮೊದಲು ನುಡಿಸಿದ ರೇಡಿಯೋ ಆರ್ಕೆಸ್ಟ್ರಾ ಈಗ ಇಲ್ಲ. ಖರ್ಚು ಉಳಿಸಬೇಕು ಅಂತ 2016ರಲ್ಲಿ ಅದನ್ನು ಸ್ಟುಟ್‌ಗಾರ್ಟ್‌ನ ಆರ್ಕೆಸ್ಟ್ರಾ ಜೊತೆ ಸೇರಿಸಿಬಿಟ್ಟರು. ವಿರೋಧ ಸಾಕಷ್ಟು ಬಂದಿತ್ತು. 2012ರ ಉತ್ಸವದ ವೇದಿಕೆಯಲ್ಲೇ ಯೋಹಾನೆಸ್ ಕ್ರೈಡ್ಲರ್ ಎಂಬ ಸಂಯೋಜಕ ವಾದ್ಯಗಳನ್ನು ಒಡೆದುಹಾಕಿ ಪ್ರತಿಭಟಿಸಿದ. ಅದು ನೋಡಲು ಕಷ್ಟ, ಆದರೆ ಅವನ ಸಿಟ್ಟು ಸರಿಯಾದದ್ದೇ. ಇಂಥ ಸಂಗೀತ ನುಡಿಸಿ ನುಡಿಸಿ ಪಳಗಿದ ಕೈಗಳು ಒಂದು ಸಲ ಚದುರಿದರೆ ಮತ್ತೆ ಕೂಡಿಸಲು ವರ್ಷಗಟ್ಟಲೆ ಬೇಕು.

ಉತ್ಸವದಲ್ಲಿ ತಪ್ಪೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ದಶಕ ಹೆಂಗಸರ ಕೃತಿಗಳಿಗೆ ಇಲ್ಲಿ ಜಾಗ ಸಿಕ್ಕಿದ್ದು ತೀರಾ ಕಡಿಮೆ. ಇನ್ನೊಂದು, ಎಲ್ಲರಿಗೂ ಮೊದಲ ಪ್ರದರ್ಶನದ ಹೆಸರೇ ಬೇಕು. ತಿಂಗಳುಗಟ್ಟಲೆ ಕೂತು ಬರೆದದ್ದನ್ನು ಒಂದು ಸಂಜೆ ನುಡಿಸಿ ಬೀರುವಿಗೆ ಸೇರಿಸಿದರೆ ಕೇಳುವವರಿಗೂ ಪರಿಚಯ ಬೆಳೆಯೋದಿಲ್ಲ, ವಾದಕರಿಗೂ ಅದು ಕೈಗೆ ಕೂರೋದಿಲ್ಲ. ಹಾಗಾಗಿ ನಾನು ಕೇಳೋದು ಶುಲ್ಕ ಕಮ್ಮಿ ಮಾಡಿ ಅಂತಲ್ಲ. ಹೊಸದು ಬರೆಸುವಾಗಲೇ ಅದೇ ಕೃತಿಯನ್ನು ಬೇರೆ ಊರಲ್ಲಿ ಎರಡನೇ ಸಲ, ಮೂರನೇ ಸಲ ನುಡಿಸುವ ಖರ್ಚನ್ನೂ ಎತ್ತಿಡಿ.